ಉಪ್ಪುನೀರಿನ ತೊಟ್ಟಿಯಲ್ಲಿ ಬದುಕಿದ್ದ ಹುಳ

ನಾನು ನಿವೃತ್ತನಾಗುವ ಹಿಂದಿನ ವರ್ಷದ ಮಾತು. ಚನ್ನರಾಯಪಟ್ಟಣದ ಹತ್ತಿರದ ಒಂದು ಮಿಡಿಸೌತೆ ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ಮ್ಯಾನೇಜರ್ ಆಗಿದ್ದೆ. ಹೊಳೆನರಸೀಪುರ, ಅರಕಲಗೂಡು ಕಡೆಯಿಂದೆಲ್ಲ ಬರುವ ಮಿಡಿಸೌತೆಯನ್ನು ಗಾತ್ರ ನೋಡಿ ಆರಿಸಿ, ಉಪ್ಪುನೀರಿನ ಡ್ರಮ್ಮುಗಳಲ್ಲಿ ತುಂಬಿ ಹೊರದೇಶಕ್ಕೆ ಕಳಿಸುತ್ತಿದ್ದೆವು. ಆ ಉಪ್ಪುನೀರನ್ನು ಅಂಗಳದ ತೆರೆದ ತೊಟ್ಟಿಯಲ್ಲಿ ಕಲಸುವ ಕೆಲಸ ಸಾವಿತ್ರಮ್ಮನದು. ಹನ್ನೊಂದು ವರ್ಷದಿಂದ ಆಕೆಯೇ ಮಾಡುತ್ತಿದ್ದಳು.

ಒಂದು ಬೆಳಿಗ್ಗೆ ನೋಡುತ್ತೇನೆ, ತೊಟ್ಟಿಯ ಗೋಡೆಗೆ ಅಂಟಿದ ಪಾಚಿಯಲ್ಲಿ ಅಕ್ಕಿಕಾಳಿನಷ್ಟು ಉದ್ದದ ಹುಳಗಳು ಹರಿದಾಡುತ್ತಿವೆ! ನನಗೆ ಪಿತ್ತ ನೆತ್ತಿಗೇರಿತು. ಅಷ್ಟು ಉಪ್ಪಿನಲ್ಲಿ ಯಾವ ಜೀವಿಯೂ ಬದುಕುವುದಿಲ್ಲ, ಹುಳವಿದೆ ಎಂದರೆ ಉಪ್ಪು ಕಡಿಮೆ ಬಿದ್ದಿದೆ ಎಂದು ನಿಂತಲ್ಲೇ ತೀರ್ಮಾನಿಸಿದೆ. ಬಿ.ಎಸ್ಸಿ. ಓದಿದವನ ಜಂಭ ನೋಡಿ.

"ಉಪ್ಪು ಕಮ್ಮಿ ಹಾಕಿದ್ದೀಯ. ಮಿಕ್ಕ ಮೂಟೆ ಎಲ್ಲಿಗೆ ಹೋಯ್ತು?" ಎಂದು ಅಂಗಳದಲ್ಲಿ ಕೆಲಸಕ್ಕಿದ್ದ ಎಲ್ಲ ಹೆಂಗಸರ ಎದುರಿಗೇ ಕೇಳಿಬಿಟ್ಟೆ.

ಆಕೆಯ ಮುಖ ಬಿಳಿಚಿಕೊಂಡಿತು. "ಒಂದಿಡಿನೂ ಕಮ್ಮಿ ಆಕಿಲ್ಲ ಸಾ. ಬೇಕಾರೆ ನಾಲ್ಗೆ ಮ್ಯಾಲೆ ಇಟ್ಕಂಡ್ ನೋಡಿ" ಎಂದಳು.

ನಾನು ನೋಡಲಿಲ್ಲ. ಆಕೆಯನ್ನು ಮನೆಗೆ ಕಳಿಸಿ, ಕೆಲಸದಿಂದ ತೆಗೆಯಬಹುದು ಎಂದು ವರದಿ ಬರೆದು ಮೇಜಿನ ಮೇಲಿಟ್ಟೆ. ಸಂಜೆಯೊಳಗೆ ಅಂಗಳದಲ್ಲಿ ಆಕೆಗೆ ಉಪ್ಪುಕಳ್ಳಿ ಎಂಬ ಹೆಸರು ಬಿದ್ದಾಗಿತ್ತು.

ಎರಡು ದಿನದ ನಂತರ ತೊಟ್ಟಿ ಬರಿದು ಮಾಡಿಸಲು ಹೋದೆ. ಅದಕ್ಕೂ ಮೊದಲು ಉಪ್ಪಿನ ಅಂಶ ದಾಖಲಿಸಬೇಕೆಂಬುದು ನಿಯಮ. ಹೈಡ್ರೋಮೀಟರ್ ಎಂದರೆ ನೀರಿನಲ್ಲಿ ತೇಲಿಬಿಡುವ ಗಾಜಿನ ಕೊಳವೆ. ಉಪ್ಪು ಹೆಚ್ಚಿದ್ದಷ್ಟೂ ಮೇಲೆ ನಿಲ್ಲುತ್ತದೆ. ಅದು ನೂರಕ್ಕೆ ಹದಿನಾಲ್ಕು ಭಾಗ, ಅಂದರೆ ಇರಬೇಕಾದಷ್ಟೇ, ತೋರಿಸಿತು. ಕೆಟ್ಟಿರಬೇಕೆಂದು ಸಿಹಿನೀರಿನಲ್ಲಿ ಬಿಟ್ಟೆ, ಸೊನ್ನೆ. ಇನ್ನೊಂದು ತರಿಸಿದೆ, ಮತ್ತೆ ಹದಿನಾಲ್ಕು. ಸಮುದ್ರದ ನೀರಿನ ನಾಲ್ಕು ಪಟ್ಟು ಉಪ್ಪು! ಹುಳಗಳು ಮಾತ್ರ ಅದರಲ್ಲೇ ಆರಾಮಾಗಿ ಹೊರಳಾಡುತ್ತಿದ್ದವು.

ಅಯ್ಯೋ, ಎಂಥ ಕೆಲಸ ಮಾಡಿದೆ ಎನ್ನಿಸಿತು. ಹುಳಗಳನ್ನು ಬಾಟಲಿಗೆ ಹಾಕಿಕೊಂಡು ಹಾಸನದ ಬಸ್ಸು ಹತ್ತಿದೆ. ಅಲ್ಲಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಗೆಳೆಯನೊಬ್ಬ ಮಸೂರದಡಿ ನೋಡಿ ನಕ್ಕ. "ಉಪ್ಪುನೊಣದ ಮರಿ ಕಣಯ್ಯ. ಮೈಗೆ ಸೇರಿದ ಉಪ್ಪನ್ನು ಹೊರಹಾಕೋದು ಇದಕ್ಕೆ ಗೊತ್ತು. ಉಪ್ಪಿನ ಸರೋವರದಲ್ಲಿ ಇದರದ್ದೇ ರಾಜ್ಯ. ಇದರ ನೆಂಟರು ಬಿಸಿನೀರ ಬುಗ್ಗೆಯಲ್ಲೂ ಇದ್ದಾರೆ" ಎಂದ. ನಮ್ಮ ತೊಟ್ಟಿಗೆ ಅದು ಎಲ್ಲಿಂದ ಬಂತೋ ಇಂದಿಗೂ ಗೊತ್ತಿಲ್ಲ. ಪಾಚಿ ತಿಕ್ಕಿಸಿ, ಸೊಳ್ಳೆಪರದೆ ಹೊದಿಸಿದ ಮೇಲೆ ಮತ್ತೆ ಕಾಣಲಿಲ್ಲ.

ಹಾಸನದಿಂದ ಮರಳಿದ ಸಂಜೆಯೇ ವರದಿ ಹರಿದು, ಸಾವಿತ್ರಮ್ಮನ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು. "ಆ ಉಳದ್ ಮಾತು ನಂಬುದ್ರಿ. ಅನ್ನೊಂದು ವರ್ಸ ಗೇದ ನನ್ ಮಾತು ನಂಬ್ನಿಲ್ವಲ್ಲಾ ಸಾ" ಎಂದಳು. ತಲೆತಗ್ಗಿಸಿ, "ತಪ್ಪಾಯ್ತು, ಕೆಲಸಕ್ಕೆ ಬನ್ನಿ" ಎಂದೆ.

"ಬತ್ತೀನಿ. ಆದ್ರೆ ಈ ಮಾತ ಇಲ್ಲಿ ಯೋಳ್ಬ್ಯಾಡಿ. ಕಳ್ಳಿ ಅಂದ್ರಲ್ಲ, ಅಲ್ಲೇ ಯೋಳಿ."

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ, ಉಪ್ಪು ಸರಿಯಾಗಿತ್ತು, ಅಳೆಯದೆ ಸುಳ್ಳು ಆರೋಪ ಹೊರಿಸಿದವನು ನಾನು ಎಂದು ಹೇಳಿದೆ. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಸಾವಿತ್ರಮ್ಮ ಕಣ್ಣೊರೆಸಿಕೊಂಡು ನನ್ನ ಎದುರಿಗೇ ಉಪ್ಪಿನ ಮೂಟೆಯ ಬಾಯಿ ಬಿಚ್ಚಿದಳು. "ಇನ್ಮ್ಯಾಕೆ ದಿನಾ ನಿಂತ್ಕಂಡ್ ಅಳೀರಿ ಸಾ" ಎಂದಳು.

ನಿವೃತ್ತನಾಗುವವರೆಗೆ ದಿನವೂ ನಿಂತು ಅಳೆದೆ. ಅವಳ ಮೇಲೆ ಅನುಮಾನವಿತ್ತೆಂದಲ್ಲ, ನನ್ನ ಮೇಲಿತ್ತು.