ಮಲ್ಲಿಗೆ ಸಾಲಿನ ಆ ಬದಿ

ಬಿಡಿಸದೆ ಬಿಟ್ಟರೆ ಮಲ್ಲಿಗೆ ಗಿಡ ಮುನಿಸಿಕೊಳ್ಳುತ್ತದೆ ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ಅದಕ್ಕೇ ಲಾಕ್‌ಡೌನಿನಲ್ಲಿ ಬಸ್ಸು ನಿಂತು, ನಂಜನಗೂಡಿನ ಹೂವಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ ಮೇಲೂ ನಾನು ಬೆಳಗಾಗುತ್ತಲೇ ಮೊಗ್ಗು ಬಿಡಿಸಿ ತಿಪ್ಪೆಗೆ ಸುರಿಯುತ್ತಿದ್ದೆ. ನೋಡಿದವರು ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಅಂದುಕೊಳ್ಳಲಿ, ಅವರ ಗಂಟೇನು ಹೋಗುತ್ತಿತ್ತು?

ಯಜಮಾನರು ತೀರಿಕೊಂಡು ಆಗ ವರ್ಷವೂ ತುಂಬಿರಲಿಲ್ಲ. ಅವರಿದ್ದಾಗ ಒಂದೇ ಸಾಲನ್ನು ಇಬ್ಬರೂ ಹಿಡಿಯುತ್ತಿದ್ದೆವು, ಆ ಬದಿಗೆ ಅವರು, ಈ ಬದಿಗೆ ನಾನು. ಕೈ ಮೊಗ್ಗಿನ ಮೇಲೆ, ಬಾಯಿ ಊರವರ ಮೇಲೆ. ಈಗ ಈ ಬದಿ ಮುಗಿಸಿ, ಸುತ್ತಿ ಹೋಗಿ ಆ ಬದಿಯನ್ನೂ ನಾನೇ ಬಿಡಿಸಬೇಕು. ಕೆಲಸಕ್ಕೆ ನಾನು ಅಂಜುವವಳಲ್ಲ. ಮಾತಿಲ್ಲದೆ ಬಿಡಿಸುವುದು ಮಾತ್ರ ಬಹಳ ಕಷ್ಟವಾಗುತ್ತಿತ್ತು.

ಮೈದುನ ಟ್ರ್ಯಾಕ್ಟರ್ ತರುವ ಮಾತಾಡುತ್ತಿದ್ದ. “ಅತ್ಗೆ, ಮಾರಕ್ಕಾಗ್ದಿರೋ ಊವ ಎಷ್ಟು ದಿನ ಅಂತ ತಿಪ್ಪೆಗಾಕ್ತೀಯಾ? ಎಲ್ಲಾ ಕಿತ್ತಾಕ್ಬುಟ್ಟು ಜೋಳ ಆಕನ.”

ಅವನದೂ ತಪ್ಪಲ್ಲ. ಗೊಬ್ಬರಕ್ಕೂ ಮೋಟರ್ ರಿಪೇರಿಗೂ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ ಹೂ ಬೆಳೆಗಾರರಿಗೆ ಸರ್ಕಾರ ಪರಿಹಾರ ಕೊಡುತ್ತದೆ ಎಂಬ ಸುದ್ದಿ ಬಂತು. “ಅದು ಬಂದ್ರೆ ತ್ವಾಟ ಇರ್ಲಿ, ಬರ್ನಿಲ್ಲ ಅಂದ್ರೆ ನೀನೇಳ್ದಂಗೇ ಆಗ್ಲಿ” ಅಂದೆ. ಅಂದಮೇಲೆ ತೋಟದ ಕಡೆ ತಿರುಗಿ ನೋಡಿದೆ. ಒಂದೊಂದು ಗಿಡವನ್ನೂ ಯಜಮಾನರು ಕೈಯಾರೆ ನೆಟ್ಟಿದ್ದರು.

ಪರಿಹಾರಕ್ಕೆಂದು ತೋಟದ ಫೋಟೊ ತೆಗೆಯಲು ತೋಟಗಾರಿಕೆ ಇಲಾಖೆಯ ಸಾಹೇಬರು ಬಂದಾಗ ಬಿಸಿಲೇರಿತ್ತು. ನಾನು ಎಂದಿನಂತೆ ಎಲ್ಲ ಬಿಡಿಸಿ ಮುಗಿಸಿದ್ದೆ. ಅವರು ಮೊಬೈಲ್ ಹಿಡಿದು ಅತ್ತ ಇತ್ತ ನೋಡಿದರು.

“ಏನಮ್ಮಾ, ಬರೀ ಸೊಪ್ಪಿದೆ! ಫೋಟೊದಲ್ಲಿ ಹೂವು ಕಾಣಬೇಕಲ್ಲ?”

“ಬಿಡಿಸ್ಬುಟ್ಟೆ ಸಾ.”

“ಯಾರಿಗೆ ಮಾರೋಕೆ?”

ತಿಪ್ಪೆ ತೋರಿಸಿದೆ. ಪುಣ್ಯಾತ್ಮರು ನಕ್ಕುಬಿಟ್ಟರು. ನನಗೆ ಅಳು ಬಂತು. “ನಾಳೆ ಬಿಡಿಸಬೇಡಿ, ಸಂಜೆ ಬರ್ತೀನಿ” ಅಂದು ಹೋದರು.

ಮರುದಿನ ಬೆಳಗ್ಗೆ ಕೈಕಟ್ಟಿ ಕೂರುವುದೇ ಒಂದು ಶಿಕ್ಷೆಯಾಯಿತು. ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಮೊಗ್ಗುಗಳು ಒಂದೊಂದಾಗಿ ಬಿರಿಯತೊಡಗಿದವು. ಇಷ್ಟು ವರ್ಷ ಮಲ್ಲಿಗೆ ಬೆಳೆದರೂ ನಮ್ಮ ತೋಟ ಅರಳಿದ್ದನ್ನು ನಾವು ನೋಡಿಯೇ ಇರಲಿಲ್ಲ. ಅರಳುವ ಹೊತ್ತಿಗೆ ನಮ್ಮ ಹೂವು ಯಾರದೋ ಮುಡಿಯಲ್ಲಿರುತ್ತಿತ್ತು. ನೋಡನೋಡುತ್ತಿದ್ದಂತೆ ತೋಟವೆಲ್ಲ ಬೆಳ್ಳಗಾಯಿತು. ‘ಬನ್ನಿ ಇಲ್ಲಿ, ನೋಡಿ’ ಎಂದು ಕರೆಯಲು ತಿರುಗಿದವಳು ಹಾಗೇ ನಿಂತೆ.

ಸಾಹೇಬರು ಬಂದರು. ಸಾಲಿನ ಪಕ್ಕದಲ್ಲಿ ನಿಲ್ಲಿ ಅಂದರು, ನಿಂತೆ.

“ಸ್ವಲ್ಪ ನಡುವೆ ಬನ್ನಿ ಅಮ್ಮಾ. ಆ ಕಡೆ ಖಾಲಿ ಕಾಣ್ತಿದೆ.”

ಆಗಲೇ ನನಗೆ ಗೊತ್ತಾಗಿದ್ದು, ನಾನು ನನ್ನ ಬದಿಯಲ್ಲಿ ನಿಂತಿದ್ದೆ. ಕಾಲು ಕದಲಲಿಲ್ಲ.

“ಖಾಲಿನೇ ಸಾ. ಅಂಗೇ ತೆಗೀರಿ” ಅಂದೆ.

ಅವರು ಹಾಗೇ ತೆಗೆದುಕೊಂಡು ಹೋದರು.

ಪರಿಹಾರ ಬಂತು, ಟ್ರ್ಯಾಕ್ಟರ್ ಬರಲಿಲ್ಲ. ಮಲ್ಲಿಗೆ ಮತ್ತೆ ಬಸ್ಸು ಹತ್ತಿತು. ಈಗಲೂ ಬೆಳಗ್ಗೆ ಎದ್ದು ಮೊದಲು ಈ ಬದಿಯನ್ನು ಬಿಡಿಸುತ್ತೇನೆ. ಸುತ್ತಿ ಹೋಗಿ ನೋಡಿದರೆ ಆ ಬದಿಯ ಮೊಗ್ಗೆಲ್ಲ ಹಾಗೇ ಇರುತ್ತದೆ.