ಸೀರೆಗೆ ಎರಡು ಕಿಲೋ

ಶಹಾಪುರದ ಅಡತ ಅಂಗಡಿಯಲ್ಲಿ ತೊಗರಿ ತೂಗುತ್ತಿದ್ದ ಚಾಚಾ, ಕಾಟಾದ ಮೇಲೆ ಏನಿಟ್ಟರೂ ಚೀಲದ ತೂಕ ಕಳೆದೇ ಕೂಗುತ್ತಿದ್ದರು. ಕೊನೆಗೆ, "ಚೀಲ ಕಡದು ಹೇಳೀನ್ರಿ" ಎನ್ನುತ್ತಿದ್ದರು.

ಮೊಣಕಾಲಿನ ಆಪರೇಷನ್ನಿಗೆ ಮೊದಲು ನನ್ನ ಅಕ್ಕ ಎಂಬತ್ತು ಕಿಲೋಗೆ ಇಳಿಯಬೇಕಿತ್ತು. ಮನೆಗೆ ತಂದ ತೂಕದ ಮಷೀನು ಪಡಸಾಲೆಯಲ್ಲಿ ಒಂದು ತೂಕ, ಬಚ್ಚಲಲ್ಲಿ ಇನ್ನೊಂದು ತೋರಿಸುತ್ತಿತ್ತು. ಅದಕ್ಕೇ ಅವಳನ್ನು ವಾರಕ್ಕೊಮ್ಮೆ ಚಾಚಾರ ಕಾಟಾ ಹತ್ತಿಸುತ್ತಿದ್ದೆ.

ಮೊದಲ ಸಲವೇ ಅವರು ನನ್ನ ಕಿವಿಯಲ್ಲಿ, "ಸೀರಿಗಿ ಎರಡು ಕಿಲೋ ಕಡೀಲೇನ್ರಿ?" ಎಂದರು. ತಲೆಯಾಡಿಸಿದೆ. ತೂಕ ಇಳಿದ ದಿನ ಅಕ್ಕ ಖುಷಿಯಲ್ಲಿ ನಮಗೆಲ್ಲ ಮಿರ್ಚಿ ಭಜಿ ಕರಿಯುತ್ತಿದ್ದಳು. ಚಳಿಗಾಲದಲ್ಲಿ ಶಾಲಿನ ಲೆಕ್ಕದಲ್ಲಿ ಇನ್ನೊಂದು ಕಿಲೋ ಹೋಯಿತು. ಚಾಚಾ "ಎಂಬತ್ತು!" ಎಂದು ಕೂಗಿದಾಗ ಹಮಾಲರೂ ಚಪ್ಪಾಳೆ ತಟ್ಟಿದರು.

ಯಾದಗಿರಿಯ ಡಾಕ್ಟರು ಅವಳನ್ನು ತೂಗಿ ನೋಡಿ, ಆಪರೇಷನ್ ಮುಂದೆ ಹಾಕಿ ವಾಪಸ್ ಕಳಿಸಿದರು.

ಸುದ್ದಿ ಕೇಳಿ ಚಾಚಾ ಮನೆಗೆ ಬಂದು ಬಾಗಿಲಲ್ಲೇ ನಿಂತರು. "ತಪ್ಪಾಗ್ಯಾದ ಬೇಟಿ. ಕಡದು ಕಡದು ರೂಢಿ ಆಗ್ಯಾದ."

"ನಾ ಏನ್ ತೊಗರಿ ಚೀಲೇನ್ರಿ ಚಾಚಾ?" ಅಕ್ಕ ಮೊಣಕಾಲು ಹಿಡಿದುಕೊಂಡೇ ರೇಗಿದಳು.

ಚಾಚಾ ಒಮ್ಮೆ ನನ್ನ ಮುಖ ನೋಡಿದರು. ನನ್ನ ಹೆಸರು ಹೇಳಲಿಲ್ಲ.

"ಮನಷ್ಯಾರನ್ನ ನೋಡಿ ತೂಗಬೇಕ್ರಿ ಚಾಚಾ" ಎಂದು ನಾನೇ ಅವರಿಗೆ ಬುದ್ಧಿ ಹೇಳಿದೆ.