ಮ್ಯಾನೇಜರ್ ಗಂಡ, ಗೋಲ್‌ಕೀಪರ್ ತಮ್ಮ

ನನ್ನ ಗಂಡ ಇಲ್ಲಿ ಗಲ್ಫಿನಲ್ಲಿ, ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಿನಲ್ಲಿ ಫೋರ್‌ಮನ್. ಶನಿವಾರ ಬಂತೆಂದರೆ, ಊರಿನವರು ಸೇರಿ ಕಟ್ಟಿಕೊಂಡ ಫುಟ್‌ಬಾಲ್ ಟೀಮಿನ ಮ್ಯಾನೇಜರ್. ನನ್ನ ತಮ್ಮ ಅದೇ ಟೀಮಿನ ಗೋಲ್‌ಕೀಪರ್. ನಾನು ಮೊಬೈಲ್ ಹಿಡಿದು ನಿಲ್ಲುವವಳು. ಮ್ಯಾಚ್ ಪೂರ್ತಿ ಊರಿಗೆ ಲೈವ್ ಹೋಗಬೇಕು. ಅಲ್ಲಿ ಅತ್ತೆ, ಅಮ್ಮ, ಚಿಕ್ಕಪ್ಪಂದಿರು, ಆಟಗಾರರ ಹೆಂಡಂದಿರು ಎಲ್ಲ ಕಾದು ಕೂತಿರುತ್ತಾರೆ. ಕೊನೆಗೆ ಮ್ಯಾನೇಜರ್ ಕ್ಯಾಮೆರಾ ಎದುರು "ಎರಡು ಮಾತು" ಆಡುವುದು ನಮ್ಮ ಟೀಮಿನ ಪದ್ಧತಿ.

ಆ ಎರಡು ಮಾತಿನಿಂದಲೇ ನನಗೆ ತಲೆ ಚಿಟ್ಟು ಹಿಡಿದದ್ದು. ಗೆದ್ದರೆ "ನಾವು ಹಾಕಿದ ಪ್ಲಾನ್ ವರ್ಕ್ ಆಯಿತು" ಅನ್ನುತ್ತಾರೆ. ಸೋತ ದಿನ ಆ "ನಾವು" ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು. ಎಡಗಡೆಯವನು ಓಡಲೇ ಇಲ್ಲ, ನಡುವಿನವನಿಗೆ ಪಾಸ್ ಕೊಡಲಿಕ್ಕೆ ಬರುವುದಿಲ್ಲ, ಹೀಗೇ. ಆ ಎಡಗಡೆಯವನ ಹೆಂಡತಿ ಊರಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಇದನ್ನೆಲ್ಲ ನೋಡುತ್ತಿದ್ದಾಳೆ ಎಂಬ ಯೋಚನೆಯೇ ಇಲ್ಲ.

ಟಿವಿ ಮುಂದೆ ಕೂತಾಗ ಮಾತ್ರ ಬೇರೆಯೇ ಮನುಷ್ಯ. ಯುರೋಪಿನ ಯಾವುದೋ ದೊಡ್ಡ ಮ್ಯಾನೇಜರ್ ಸೋತು ಬಂದು, ಹುಡುಗರನ್ನು ಬಿಡಿ, ತಪ್ಪು ನನ್ನದು ಅಂದರೆ ಇವರು ತೊಡೆ ತಟ್ಟುತ್ತಾರೆ.

"ನೋಡು, ಗಂಡಸು ಅಂದರೆ ಹೀಗಿರಬೇಕು!"

"ಹಾಗಾದರೆ ನೀವೂ ಒಂದು ಸಲ ಹೇಳಿ ನೋಡಿ ಮಾರಾಯ್ರೆ," ಅಂದೆ.

"ಅವನಿಗೆ ತಪ್ಪು ಒಪ್ಪಿಕೊಳ್ಳಲಿಕ್ಕೂ ಸೇರಿಸಿ ಸಂಬಳ ಕೊಡ್ತಾರೆ ಮಾರಾಯ್ತಿ. ನನಗೆ ಎಂತ ಉಂಟು, ಒಂದು ಟೀ ಶರ್ಟ್!"

ನಾನು ಅಲ್ ಬರ್ಷಾದ ಒಂದು ಆಫೀಸಿನಲ್ಲಿ ಅಕೌಂಟ್ಸ್ ವಿಭಾಗ ನೋಡಿಕೊಳ್ಳುತ್ತೇನೆ. ನನ್ನ ಕೈಕೆಳಗಿನ ಹುಡುಗಿ ತಪ್ಪು ಬಿಲ್ ಕಳಿಸಿದಾಗ ಬಾಸ್ ಎದುರು, "ನೋಡಿ ಸಹಿ ಹಾಕಿದವಳು ನಾನು" ಅಂದೆ. ಆಮೇಲೆ ಅವಳನ್ನು ಪ್ಯಾಂಟ್ರಿಗೆ ಕರೆದು ಚೆನ್ನಾಗಿ ಬೈದೆ. ಬೈಯಬಾರದು ಎಂದು ಯಾರು ಹೇಳಿದ್ದು? ಬಾಗಿಲು ಹಾಕಿಕೊಂಡು ಬೈಯಬೇಕು, ಅಷ್ಟೆ. ಇದನ್ನು ಮನೆಯಲ್ಲಿ ಹೇಳಿದರೆ, "ಡಿಗ್ರಿಯವರ ಪಾಠ ಶುರುವಾಯಿತು" ಅನ್ನುತ್ತಾರೆ. ಹೌದು, ಡಿಗ್ರಿಯವಳೇ. ಎರಡೂ ಕಡೆಯ ಕುಟುಂಬ ಸೇರಿಸಿದರೂ ಮೊದಲ ಬಿ.ಕಾಂ. ನನ್ನದು, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಅಮ್ಮ ಬೀಡಿ ಕಟ್ಟಿದಳು. ತಮ್ಮ ಪಿಯುಸಿ ಬಿಟ್ಟು ಮಂಗಳೂರಿನಲ್ಲಿ ಬೇಕರಿ ಕೆಲಸಕ್ಕೆ ಸೇರಿದ. ನನ್ನ ಡಿಗ್ರಿಯಲ್ಲಿ ಅರ್ಧ ಅವನದು. ಇಲ್ಲಿ ಬೆಡ್‌ಸ್ಪೇಸ್‌ನಲ್ಲಿ, ಅಂದರೆ ಹತ್ತು ಜನರ ರೂಮಿನಲ್ಲಿ ಒಂದು ಮಂಚ ಬಾಡಿಗೆಗೆ ಹಿಡಿದು ಇರುವ ಅವನು ಭಾನುವಾರ ನಮ್ಮ ಕರಾಮದ ಮನೆಗೆ ಊಟಕ್ಕೆ ಬರುವುದೆಂದರೆ ನನಗೆ ವಾರದ ಹಬ್ಬ. ಅದೇ ನಿಂತುಹೋಯಿತು.

ಅಬುಧಾಬಿಯಲ್ಲಿ ಸೆಮಿಫೈನಲ್. ಇನ್ನೇನು ಮುಗಿಯಬೇಕು, ಗೋಲು ಸಮ ಸಮ. ಸುಮ್ಮನಿದ್ದಿದ್ದರೆ ಪೆನಾಲ್ಟಿಗೆ ಹೋಗುತ್ತಿತ್ತು. ಪೆನಾಲ್ಟಿಯಲ್ಲಿ ನನ್ನ ತಮ್ಮ ಗೋಡೆ ಇದ್ದ ಹಾಗೆ. ಅಷ್ಟರಲ್ಲಿ ನಮಗೊಂದು ಕಾರ್ನರ್ ಸಿಕ್ಕಿತು. ಇವರಿಗೆ ಏನು ಹೊಳೆಯಿತೋ, ನನ್ನ ಪಕ್ಕದಲ್ಲೇ ನಿಂತು ಗಂಟಲು ಹರಿಯುವಂತೆ ಕೂಗಿದರು: "ದುಂಬು ಪೋಲ! ದುಂಬು ಪೋಲ!" ಮುಂದೆ ಹೋಗು, ನೀನೇ ಎತ್ತರ, ಹೋಗಿ ತಲೆ ಕೊಡು ಅಂತ. ತಮ್ಮ ತಿರುಗಿ ನೋಡಿ, ನಾನಾ ಎಂಬಂತೆ ಎದೆ ಮುಟ್ಟಿಕೊಂಡ. ಇವರು ಮತ್ತೆ ಕೂಗಿದರು. ಅವನು ಹೋದ. ಚೆಂಡು ಎದುರಾಳಿಗೆ ಸಿಕ್ಕಿತು. ಅವನು ಉದ್ದಕ್ಕೆ ಒದ್ದದ್ದು ನಮ್ಮ ಖಾಲಿ ಗೋಲಿನೊಳಗೆ ಆರಾಮಾಗಿ ಉರುಳಿಕೊಂಡು ಹೋಯಿತು. ತಮ್ಮ ಇನ್ನೂ ಓಡಿ ಬರುತ್ತಲೇ ಇದ್ದ.

ಖಲಾಸ್.

ಆಮೇಲೆ ಎರಡು ಮಾತು. "ಹುಡುಗರು ಚೆನ್ನಾಗಿಯೇ ಆಡಿದರು. ಗೋಲ್‌ಕೀಪರ್ ಗೋಲು ಬಿಟ್ಟು ತಿರುಗಾಡಲಿಕ್ಕೆ ಹೋದರೆ ಮ್ಯಾನೇಜರ್ ಎಂತ ಮಾಡುವುದು?"

ಮನುಷ್ಯ ಒಂದು ಮರೆತಿದ್ದರು. ಕೂಗಿದ್ದು ನನ್ನ ಕೈಯಲ್ಲಿದ್ದ ಮೊಬೈಲಿನ ಪಕ್ಕದಲ್ಲಿ, ಅದೂ ತುಳುವಿನಲ್ಲಿ. ಊರಿಗೆ ಊರೇ ಕೇಳಿಸಿಕೊಂಡಿತ್ತು.

ಅಮ್ಮ ಫೋನ್ ಮಾಡಿದಳು. ಅಳಿಯನ ಮೇಲೆ ದೂರು ಹೇಳುವ ಕ್ರಮ ನಮ್ಮಲ್ಲಿಲ್ಲ. "ಅವರಿಗೆ ಸ್ವಲ್ಪ ಬಿಸಿನೀರು ಕೊಡು. ಪಾಪ, ತುಂಬ ಕೂಗಿದ್ದಾರೆ. ಎಂತ ಕೂಗಿದ್ದು ಅಂತ ನಮಗೆಲ್ಲ ಸರಿಯಾಗಿ ಕೇಳಿತು," ಅಂದಳು.

ತಮ್ಮ ಟೀಮಿನ ವಾಟ್ಸಾಪ್ ಗ್ರೂಪ್ ಬಿಟ್ಟ. ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಫೋನ್ ಮಾಡಿದರೆ, "ಅಕ್ಕ, ಸೋತದ್ದಕ್ಕೆ ಬೇಜಾರಿಲ್ಲ. ಬಾವ ಹೋಗು ಅಂದರು, ಹೋದೆ. ಆಮೇಲೆ ಯಾಕೆ ಹೋದ ಅಂತ ಅವರೇ ಊರಿಗೆಲ್ಲ ಹೇಳಿದರಲ್ಲ. ಅವರೆದುರು ಕೂತರೆ ನನಗೆ ಅನ್ನ ಇಳಿಯುವುದಿಲ್ಲ."

ಗಂಡನಿಗೆ ಹೇಳಿದೆ: "ಅಡಿಗೆ ಮಾಡ್ತೇನೆ. ಮ್ಯಾಚಿಗೆ ಬಂದು ಮೊಬೈಲ್ ಹಿಡಿಯುವುದಿಲ್ಲ. ಹಿಡಿಯಬೇಕಾದರೆ, ಹೋಗು ಅಂದದ್ದು ಯಾರು ಅಂತ ನೀವು ಲೈವ್‌ನಲ್ಲೇ ಹೇಳಬೇಕು."

"ಅವನಿಗೆ ಫೋನ್ ಮಾಡಿ ಸಾರಿ ಅಂತೇನೆ, ಸಾಕಲ್ಲ?"

"ಬೈದದ್ದು ಊರೆದುರು, ಸಾರಿ ಮಾತ್ರ ಗುಟ್ಟಿನಲ್ಲಾ?"

"ಮ್ಯಾನೇಜರ್ ಅಂದ ಮೇಲೆ ಒಂದು ಮರ್ಯಾದೆ ಬೇಡ್ವಾ?"

ಮರ್ಯಾದೆ! ನನಗೆ ಸಾಕುಸಾಕಾಗಿತ್ತು. ಮುಂದಿನ ಮ್ಯಾಚಿಗೆ ಲೈವ್ ಇಲ್ಲವೆಂದಾದಾಗ ಊರಿನಿಂದ ಮೆಸೇಜಿನ ಮೇಲೆ ಮೆಸೇಜು. ಕೊನೆಗೆ ಮೈದಾನದಲ್ಲಿ, ಹುಡುಗರೆಲ್ಲ ಇರುವಾಗ, ಇವರೇ "ಹಿಡಿ, ಹೇಳ್ತೇನೆ" ಅಂತ ಬಂದು ಕ್ಯಾಮೆರಾ ಎದುರು ನಿಂತರು. "ಅಬುಧಾಬಿಯಲ್ಲಿ ಸ್ವಲ್ಪ ಕಮ್ಯುನಿಕೇಶನ್ ಪ್ರಾಬ್ಲಮ್ ಆಗಿತ್ತು..."

ನಾನು ಮೊಬೈಲ್ ಕೆಳಗಿಳಿಸಿ ಅವರ ಶೂ ತೋರಿಸಿದೆ.

"ಎಂತ ಮಾರಾಯ್ತಿ?"

"ಶೂ ಚೆಂದ ಉಂಟು. ಮಾತು ಸರಿಯಾದ ಮೇಲೆ ಮುಖ ತೋರಿಸ್ತೇನೆ."

ಹುಡುಗರು ಗೊಳ್ಳೆಂದು ನಕ್ಕರು. ಇವರು ಒಮ್ಮೆ ಆಕಾಶ ನೋಡಿ, ಒಂದೇ ಉಸಿರಿಗೆ ಹೇಳಿ ಮುಗಿಸಿದರು: "ಮುಂದೆ ಹೋಗು ಅಂದದ್ದು ನಾನು. ನಾನು ಹೇಳಿದ್ದಕ್ಕೆ ಅವನು ಹೋದ. ಸೋತದ್ದು ನನ್ನಿಂದ. ಆಯಿತಾ?" ಕೊನೆಯ ಮಾತು ಊರಿಗಲ್ಲ, ನನಗೆ.

ಆ ಭಾನುವಾರ ತಮ್ಮ ಬಂದ. ಗ್ರೂಪಿಗೆ ಇನ್ನೂ ಸೇರಿರಲಿಲ್ಲ, ಮನೆಗೆ ಬಂದ. ಕೋರಿ ರೊಟ್ಟಿ ಬಡಿಸಿದೆ. ಇಬ್ಬರೂ ತಲೆ ತಗ್ಗಿಸಿ ತಿನ್ನುತ್ತಿದ್ದರು. ಸದ್ಯ ಮುಗಿಯಿತಲ್ಲ ಎಂದು ನಾನು ಕೂರುವಷ್ಟರಲ್ಲಿ ಇವರು ಬಾಯಿ ತೆರೆದರು.

"ಹೇಳಿದ್ದು ನಾನೇ, ಒಪ್ಪಿದೆ. ಆದರೂ ನೀನು ವಾಪಸ್ ಬರುವಾಗ ಸ್ವಲ್ಪ ಜೋರು ಓಡಬಹುದಿತ್ತು."

ನನ್ನ ಕೈಯಲ್ಲಿ ಸೌಟಿತ್ತು. ಯಾರ ತಲೆಗೆ ಎಂದು ಯೋಚಿಸುತ್ತಿದ್ದೆ.

ತಮ್ಮ ಮೂಳೆ ಚೀಪುವುದು ಮುಗಿಸಿ ಹೇಳಿದ: "ಮುಂದಿನ ಸಲ ಗೋಲಿನಲ್ಲಿ ನೀವು ನಿಲ್ಲಿ ಬಾವ. ಕೂಗುವ ಕೆಲಸ ನನಗೆ ಕೊಡಿ."

ಇವರು ನಕ್ಕ ನಗುವಿಗೆ ಸಾರು ನೆತ್ತಿಗೇರಿತು. ನನಗೆ ನಗು ಬರಲಿಲ್ಲ. ತಮ್ಮ ತಟ್ಟೆ ಮುಂದೆ ಚಾಚಿದ್ದ. ಇನ್ನೊಂದು ಸೌಟು ಹಾಕಿದೆ.